ಉಳಿದ ಮೇಲಿನದನ್ನೂ ಕೇಳಿ

ಶಹಾಪುರದ ತಹಶೀಲ್ದಾರ್ ಕಚೇರಿಯ ಎದುರಿನ ಸಾಲಿನಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿಯೊಂದಿದೆ. ಮೂರು ವರ್ಷದ ಹಿಂದಿನ ತನಕ ಅಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಬಿಸಿಲಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಅದನ್ನು ನಡೆಸುತ್ತಿದ್ದವನು ನನಗಿಂತ ಹನ್ನೆರಡು ಹದಿಮೂರು ವರ್ಷ ಸಣ್ಣವನು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಎದುರಿಗಿದ್ದಾಗಲೂ ಹಾಗೇ ಮಾತಾಡಿಸುತ್ತಿದ್ದೆ. ನಿನ್ನ ಬಗ್ಗೆ ಬರೆಯಲೇನಪ್ಪಾ ಎಂದು ಕೇಳಿದಾಗ ಬರೆಯಿರಿ, ಹೆಸರು ಮಾತ್ರ ಬೇಡ ಅಂದ. "ನನ್ನ ಹೆಸರು ಹಾಕಿದ್ರ ನಮ್ಮಣ್ಣಂದೂ ಹಾಕಬೇಕಾಗ್ತದ್ರಿ ಅಕ್ಕೋರ. ಮೈಯಾಗ ಹರಿಯೂದು ಆತನ ರಕ್ತ."

ಇದು ಬರೀ ಮಾತಿನ ಚಮತ್ಕಾರವಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ರಕ್ತದ ಕ್ಯಾನ್ಸರ್ ಆಗಿ, ಅಣ್ಣನ ಮಜ್ಜೆಯ ಸ್ಟೆಮ್ ಸೆಲ್ ತೆಗೆದು ಇವನಿಗೆ ಹಾಕಿದ್ದರು. ಅದಾದ ಮೇಲೆ ಇವನ ರಕ್ತದ ಗುಂಪೇ ಬದಲಾಯಿತು. ಬಿ ಇದ್ದದ್ದು ಓ ಆಯಿತು. ಲೈಸೆನ್ಸಿನಲ್ಲಿ ಒಂದು, ಮೈಯಲ್ಲಿ ಇನ್ನೊಂದು. ಅಣ್ಣನ ಜೊತೆ ಜಗಳವಾದಾಗ "ನೋಡು, ಹೊರಗಿಂದ ನೀ ಬೈದ್ರ ಒಳಗಿಂದ ನೀನ ಕೇಳಸ್ಕೊಂತಿ" ಅನ್ನುತ್ತಿದ್ದನಂತೆ.

ಆ ಚಿಕಿತ್ಸೆ ಅವನಲ್ಲಿ ಕೆಲವು ಗುರುತು ಬಿಟ್ಟಿತ್ತು. ಕಣ್ಣು ಒಣಗುತ್ತಿದ್ದವು. ನಾಲ್ಕು ಹಾಳೆ ಒತ್ತುವುದರೊಳಗೆ ಒಮ್ಮೆ ತಲೆ ಹಿಂದಕ್ಕೆ ಚೆಲ್ಲಿ, ಜೇಬಿನ ಬಾಟಲಿಯಿಂದ ಎರಡೆರಡು ಹನಿ ಬಿಟ್ಟುಕೊಂಡು, ಹಾಗೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗೊತ್ತಿಲ್ಲದವರು ಇವನೇಕೆ ಅಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಹೊರಗೆ ಒಂದು ಗುಟುಕು ಚಹಾ ಸಹ ಮುಟ್ಟುತ್ತಿರಲಿಲ್ಲ. ಮನೆಯಿಂದ ಕಾಯಿಸಿ ತಂದ ನೀರೇ ಸಂಜೆಯ ತನಕ.

ಆದರೆ ಊರಿಗೆಲ್ಲ ಅವನು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ಕೊಟ್ಟ ಹಾಳೆಯನ್ನು ಪೂರ್ತಿ ಓದದೆ ಅವನು ಜೆರಾಕ್ಸ್ ಮಾಡುತ್ತಿರಲಿಲ್ಲ. ಪಹಣಿ ಇರಲಿ, ರೇಷನ್ ಕಾರ್ಡ್ ಇರಲಿ, ಸಾಲದ ಅರ್ಜಿ ಇರಲಿ, ಮೊದಲು ಬೆಳಕಿಗೆ ಹಿಡಿದು ಮೇಲಿಂದ ಕೆಳಗಿನ ತನಕ ಓದುವುದು, ಆಮೇಲೆ ಒತ್ತುವುದು. ಬಸ್ಸಿಗೆ ಹೊತ್ತಾದವರು ಕುದಿಯುತ್ತಿದ್ದರು.

"ಏ ಭಾಯ್, ಜೆರಾಕ್ಸ್ ಹೊಡೀತೀಯೋ, ಪುರಾಣ ಹಚ್ಚೀಯೋ?" ಎಂದು ಹಣ್ಣಿನ ಬಂಡಿಯ ಚಾಚಾ ದಿನಾ ಕೆಣಕುತ್ತಿದ್ದರು.

"ಚಾಚಾ, ನಿಮ್ಮ ಆಧಾರದಾಗ ನೀವು ನಿಮ್ಮ ಮಗನಕಿಂತ ಎರಡು ವರ್ಷ ಸಣ್ಣವ್ರು ಅದೀರಿ. ಒತ್ತಲೇನು?"

ಚಾಚಾ ಹಾಳೆ ಕಸಿದುಕೊಂಡು ನೋಡಿ, "ಯಾ ಅಲ್ಲಾ!" ಎಂದು ಹಣೆ ಬಡಿದುಕೊಂಡದ್ದನ್ನು ನಾನೇ ಕಂಡಿದ್ದೇನೆ.

ನಾನು ಅಂಗನವಾಡಿ ಕಾರ್ಯಕರ್ತೆ. ಓಣಿಯಲ್ಲಿ ಯಾರು ಬಸುರಿ, ಯಾರಿಗೆ ಎಷ್ಟನೆಯ ತಿಂಗಳು, ಯಾವ ಕೂಸಿನ ತೂಕ ಎಷ್ಟು, ಎಲ್ಲ ನನ್ನ ದಪ್ಪ ರಿಜಿಸ್ಟರಿನಲ್ಲಿ. ಮಕ್ಕಳಿಲ್ಲದವರಿಗೂ ಅದರಲ್ಲಿ ಒಂದು ಸಾಲಿದೆ. ಆ ಸಾಲಿನಲ್ಲಿ ಹೆಂಡತಿಯ ಹೆಸರು ಮೊದಲು. ಅವನ ಹೆಂಡತಿಯ ಹೆಸರು ಐದು ವರ್ಷದಿಂದ ಅಲ್ಲೇ ಇತ್ತು. ಆಕೆ ನಮ್ಮ ಪಕ್ಕದ ಪ್ರಾಥಮಿಕ ಶಾಲೆಯ ಶಿಕ್ಷಕಿ, ಸುರಪುರದ ಕಡೆಯವಳು, ಚುರುಕು ಹೆಣ್ಣುಮಗಳು.

ಇನ್ನು ನನ್ನ ತಪ್ಪನ್ನು ಬರೆಯಬೇಕು.

ನಮ್ಮ ಕೇಂದ್ರದಲ್ಲಿ ಬಸುರಿಯರಿಗೆ ಸೀಮಂತ ಇಟ್ಟುಕೊಂಡಿದ್ದೆವು. ಇಲಾಖೆಯ ಕಾರ್ಯಕ್ರಮವೇ, ಆದರೂ ನಾವು ಮನೆಯ ಹಾಗೇ ಮಾಡುತ್ತೇವೆ. ಜಮಖಾನೆ ಹಾಸಿ ಮೂವರು ಬಸುರಿಯರನ್ನು ಕೂರಿಸಿ, ಹಸಿರು ಬಳೆ ಇಡಿಸಿ, ಅಕ್ಕಿ, ಕೊಬ್ಬರಿ, ಕುಬಸದ ಕಣ ಉಡಿಗೆ ತುಂಬಿ, ಐವರು ಮುತ್ತೈದೆಯರಿಂದ ಆರತಿ. ಐವರನ್ನು ನಾನೇ ಹೆಸರು ಹಿಡಿದು ಕರೆಯುತ್ತಿದ್ದೆ. ನಾಲ್ವರಾದರು. ಐದನೆಯವಳನ್ನು ಕರೆಯಬೇಕು. ಎದುರಿಗೇ ಸಾಸಿವೆ ಬಣ್ಣದ ಸೀರೆಯಲ್ಲಿ ಕೂತಿದ್ದಳು ಈ ಶಿಕ್ಷಕಿ. ಬೆಳಗಿನಿಂದ ಬಳೆ, ಬಾಳೆಹಣ್ಣು ಜೋಡಿಸಿದವಳೇ ಆಕೆ. ನನ್ನ ಕಣ್ಣು ಆಕೆಯ ಮುಖದ ಮೇಲೆ ಒಂದು ಗಳಿಗೆ ನಿಂತು, ಹಾಗೇ ದಾಟಿ, ಹಿಂದಿನ ಸಾಲಿನ ಎರಡು ಮಕ್ಕಳ ತಾಯಿಯ ಕಡೆ ಹೋಯಿತು. "ಬಾರವ್ವ ನೀ" ಅಂದೆ. ಯಾರೂ ನನಗೆ ಹಾಗೆ ಮಾಡು ಅಂದಿರಲಿಲ್ಲ. ನಮ್ಮವ್ವ ಮಾಡುತ್ತಿದ್ದಳು, ನಾನೂ ಮಾಡಿದೆ. ಶಿಕ್ಷಕಿ ತಲೆ ತಗ್ಗಿಸಿ, ಮೊದಲೇ ಸರಿಯಾಗಿದ್ದ ಬಾಳೆಹಣ್ಣಿನ ಗೊನೆಯನ್ನು ಇನ್ನೊಮ್ಮೆ ಸರಿ ಮಾಡಿದಳು.

ಬಾಗಿಲಲ್ಲಿ ಅವನು ನಿಂತಿದ್ದ. ತಾಯಿ ಕಾರ್ಡಿನ ನಕಲು ತಂದಿದ್ದ. ಕಟ್ಟನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಕಳಚಿ, ಒಳಗೆ ಬಂದ.

"ಅಕ್ಕೋರ, ಒಂದ್ ಮಾತು ಹೇಳಿ ಹೋಗ್ತೀನಿ. ನಮಗ ಮಕ್ಕಳಾಗದಿರೂದು ಆಕಿ ಕಡಿಂದ ಅಲ್ರಿ, ನನ್ನ ಕಡಿಂದ. ನನಗ ಮಜ್ಜಿ ಬದಲಿ ಮಾಡಿದಾಗ ಕೊಟ್ಟ ಔಷಧಕ್ಕ ಬೀಜ ಸುಟ್ಟು ಹೋಗ್ಯಾವ. ಡಾಕ್ಟ್ರು ಬರದು ಕೊಟ್ಟಾರ. ಬೇಕಂದ್ರ ಕಾಪಿ ತಂದು ಕೊಡ್ತೀನಿ."

ಕೋಣೆಯಲ್ಲಿ ಮೂವತ್ತು ಹೆಂಗಸರಿದ್ದರು. ಗೋಡೆಗೆ ಒರಗಿದ್ದ ಮುದುಕಿಯೊಬ್ಬಳು, "ಅಯ್ಯ ಶಿವನ! ಗಂಡಸಾಗಿ ಇಂಥಾದ್ದು ಮಂದ್ಯಾಗ ಹೇಳ್ಕೊಂತಾರೇನೋ ತಮ್ಮಾ?" ಅಂದಳು.

"ಗಂಡಸು ಹೇಳದಿದ್ರ ಹೆಂಗಸು ಕೇಳಿಸ್ಕೋಬೇಕಾಗ್ತದಲ್ಲ, ಆಯಿ."

ಅವನ ಹೆಂಡತಿ ಎದ್ದು ನಿಂತಳು. ಅಳುತ್ತಾಳೇನೋ ಎಂದು ನಾನು ಹೆದರಿದೆ. ಆಕೆ, "ಅಂಗಡಿ ತೆರದಿಟ್ಟು ಬಂದೀರಿ. ನಡೀರಿ, ಕೆಲಸ ನೋಡ್ರಿ" ಎಂದಳು. ಆಮೇಲೆ ನನ್ನ ಕೈಯಿಂದ ಆರತಿ ತಟ್ಟೆ ಇಸಿದುಕೊಂಡು ತಾನೇ ಬೆಳಗಿದಳು.

ಮರುದಿನ ಅಂಗಡಿಗೆ ಹೋಗಿ ತಪ್ಪಾಯಿತಪ್ಪಾ ಎಂದೆ. ಅವನು ಸ್ಟೂಲು ಸರಿಸಿ ಕೂರಿಸಿದ. "ನೀವೊಬ್ರು ಏನ್ ಮಾಡ್ತೀರ್ರಿ. ನಾನೂ ಓದಿರಲಿಲ್ಲ" ಅಂದ. ಮದುವೆಯಾದ ಮೇಲೆ ನಾಲ್ಕು ವರ್ಷ ಹೆಂಡತಿಯನ್ನು ಅಬ್ಬೆತುಮಕೂರಿನ ಮಠಕ್ಕೆ, ಯಾದಗಿರಿಯ ಆಸ್ಪತ್ರೆಗಳಿಗೆ, ಗಿಡಮೂಲಿಕೆಯವರ ಹತ್ತಿರ ಅಲೆದಾಡಿಸಿದ್ದ. ಕಡೆಗೆ ಕಲಬುರಗಿಯ ವೈದ್ಯೆಯೊಬ್ಬರು ಆಕೆಯನ್ನು ಬಿಟ್ಟು ಇವನ ಹಳೆಯ ಫೈಲು ತರಿಸಿಕೊಂಡು ನೋಡಿದರು. ಹೊಸ ಮಜ್ಜೆಗೆ ಜಾಗ ಮಾಡಲು ಹಳೆಯದನ್ನು ಪೂರ್ತಿ ಸುಡುವ ಔಷಧ ಕೊಡುತ್ತಾರೆ, ಅದು ಬೀಜವನ್ನೂ ಬಿಡುವುದು ಕಷ್ಟ ಎಂದು ಚಿಕಿತ್ಸೆಗೆ ಮುಂಚೆ ಸಹಿ ಹಾಕಿಸಿಕೊಂಡ ಹಾಳೆಯಲ್ಲೇ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಇವನ ಅಪ್ಪನ ಹೆಬ್ಬೆಟ್ಟು, ಪಕ್ಕದಲ್ಲಿ ಇವನ ಸಹಿ.

"ಆ ಹಾಳಿ ನಾನ ನನ್ನ ಕೈಯಾರ ಏಳೆಂಟು ಸಲ ಜೆರಾಕ್ಸ್ ಮಾಡೀನ್ರಿ ಅಕ್ಕೋರ. ಸರಕಾರದ ಅರ್ಜಿಗೊಂದು, ಬ್ಯಾಂಕಿಗೊಂದು. ಕಣ್ಣು ಹಾಯಿಸಿಲ್ಲ." ಕಣ್ಣಿಗೆ ಹನಿ ಬಿಟ್ಟುಕೊಂಡ. "ಔಷಧಕ್ಕ ಮುಂಚೆ ಒಂದಿನ ಹೋಗಿ ಬೀಜ ಕೊಟ್ಟಿದ್ರ ತಂಪಿನ್ಯಾಗ ಇಟ್ಟಿರ್ತಿದ್ರಂತ. ಒಂದ ದಿನದ ಕೆಲಸ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಎಲ್ಲಾರಿಗೂ ನನ್ನ ಜೀವದ ಮ್ಯಾಲ ಕಣ್ಣು."

ಅವನ ಓದುವ ಹುಚ್ಚು ಶುರುವಾದದ್ದು ಆಗ. ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರ ಹಿಡಿದು, ಸರಕಾರದ ನೆರವಿಗೆ ಅರ್ಜಿ ಹಾಕಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಅದರಲ್ಲಿ ಮಜ್ಜೆ ಬದಲಿ ಎಂದಿದ್ದರೆ, ರೋಗಿ ಎಳೆಯ ವಯಸ್ಸಿನವರಾಗಿದ್ದರೆ, ಅವನು ಯಂತ್ರ ನಿಲ್ಲಿಸಿಬಿಡುತ್ತಿದ್ದ. ಔಷಧಕ್ಕೆ ಮುಂಚೆ ಬೀಜ ತೆಗೆದಿಡುವುದನ್ನು ಡಾಕ್ಟರಿಗೆ ಕೇಳಿ ಎಂದು ಹೇಳಿಯೇ ಮುಂದಿನ ಕೆಲಸ. ಎಲ್ಲರಿಗೂ ಅನುಕೂಲವಾಗುತ್ತಿತ್ತು ಅಂತಲ್ಲ. ಸುರಪುರದ ಕಡೆಯ ಹದಿನಾರರ ಹುಡುಗಿಯೊಬ್ಬಳ ತಂದೆಗೆ ಹೀಗೇ ಹೇಳಿ ಕಳಿಸಿದ್ದ. ಹೆಣ್ಣುಮಕ್ಕಳ ಅಂಡ ತೆಗೆದಿಡಲು ಹತ್ತು ಹನ್ನೆರಡು ದಿನದ ಸೂಜಿ ಬೇಕು, ಈ ಕಾಯಿಲೆ ಅಷ್ಟು ದಿನ ಕೊಡುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ತಂದೆ ಬಂದು ತಿಳಿಸಿ ಹೋದ ದಿನ ಅವನು ಮಧ್ಯಾಹ್ನವೇ ಷಟರ್ ಎಳೆದು ಮನೆಗೆ ಹೋದ. ಮರುದಿನ ಮತ್ತೆ ತೆರೆದ.

ಸೀಮಂತವಾಗಿ ವರ್ಷ ತುಂಬುವುದರೊಳಗೆ ಅಂಥದ್ದೇ ಪತ್ರ ನನ್ನ ಕೈಯಲ್ಲೂ ಬಂತು.

ನನ್ನ ಮಗನಿಗೆ ಆಗ ಹದಿನೇಳು, ಪಿಯುಸಿ ಮೊದಲ ವರ್ಷ. ಕಾಲ ಮೇಲೆ ಕಾರಣವಿಲ್ಲದೆ ನೀಲಿ ಕಲೆ, ಹಲ್ಲುಜ್ಜಿದರೆ ರಕ್ತ. ಕ್ರಿಕೆಟ್ ಆಡಿ ಬಡಿಸಿಕೊಂಡಿದ್ದಾನೆ ಎಂದು ನಾನು ಅರಿಶಿನ ಹಚ್ಚಿದೆ. ಕಲಬುರಗಿಯಿಂದ ಹೈದರಾಬಾದಿಗೆ ಕಳಿಸಿದರು. ಎಲುಬಿನ ಒಳಗೆ ರಕ್ತ ಹುಟ್ಟುವುದೇ ನಿಂತಿದೆ, ಮಜ್ಜೆ ಬದಲಿಸಬೇಕು ಎಂದರು. ಅವನ ಅಕ್ಕನದು ಹೊಂದಿತು. ಸೋಮವಾರ ಭರ್ತಿ ಎಂದು ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ಬುಧವಾರ ನಾನು ಫೈಲು ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ.

ಓದಿದ. ಯಂತ್ರ ನಿಲ್ಲಿಸಿದ. ನನ್ನ ಹಿಂದಿದ್ದ ಇಬ್ಬರಿಗೆ "ಅರ್ಧ ತಾಸು ಬಿಟ್ಟು ಬರ್ರಿ" ಎಂದು ಕಳಿಸಿದ.

"ಇಟ್ಟೀರೇನ್ರಿ ಅಕ್ಕೋರ?"

ಏನು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಡಾಕ್ಟರನ್ನು ಕೇಳಿರಲಿಲ್ಲ. ಮಗ ಪಕ್ಕದಲ್ಲೇ ಕೂತಿರುತ್ತಿದ್ದ. ಹೆತ್ತ ತಾಯಿ ಆ ಮಾತು ಹೇಗೆ ಎತ್ತಲಿ? ಆಮೇಲೆ ಭಯ ಬೇರೆ, ಈಗ ಮೊಮ್ಮಕ್ಕಳ ಮಾತೆತ್ತಿದರೆ ದೇವರು ದುರಾಸೆ ಎಂದುಕೊಂಡಾನು ಎಂದು. "ಜೀವ ಉಳಿದ್ರ ಸಾಕಪ್ಪಾ. ಬ್ಯಾರೆ ಏನೂ ಬ್ಯಾಡ" ಅಂದೆ.

"ಉಳೀತಾನಂತ ನಂಬೇ ಹೊಂಟೀರಲ್ರಿ?"

"ಹೌದಪ್ಪಾ."

"ಹಂಗಂದ್ರ ಉಳಿದ ಮ್ಯಾಲಿಂದೂ ಕೇಳ್ರಿ. ಕೇಳಲಿಲ್ಲಂದ್ರ ನೀವು ಅರ್ಧ ನಂಬೀರಿ ಅಂತಾತು."

ನನ್ನ ಯಜಮಾನರು ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಸಾಧು ಮನುಷ್ಯ, ಆದರೆ ಆ ದಿನಗಳಲ್ಲಿ ಅವರ ಮೈಯೆಲ್ಲ ಸಿಟ್ಟು. ನಾನು ಸಂಜೆ ವಿಷಯ ಹೇಳಿದ್ದೇ ತಡ, ಅಂಗಿ ಹಾಕಿಕೊಂಡು ಅಂಗಡಿಗೆ ನಡೆದರು. ನಾನು ಹಿಂದೆಯೇ ಓಡಿದೆ.

"ನನ್ನ ಮಗ ಸಾವು ಬದುಕಿನ ನಡುವ ಅದಾನ. ನಿನಗ ಮಕ್ಕಳಿಲ್ಲಂತ ಕಂಡೋರ ಮನ್ಯಾಗ ಹುಡುಕ್ತೀಯೇನಲೇ?" ಎಂದರು. ಹಣ್ಣಿನ ಬಂಡಿಯ ಚಾಚಾ, ಗಿರಾಕಿಗಳು, ಎಲ್ಲರೂ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಮುಖದ ಮೇಲಿನ ಒಂದು ಗೆರೆಯನ್ನೂ ಬದಲಿಸಲಿಲ್ಲ. "ಹೌದ್ರಿ ಸರ" ಅಂದ. "ನನಗಿಲ್ಲಂತನ ಹುಡುಕ್ತೀನ್ರಿ."

ಯಜಮಾನರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವನು ತನ್ನ ಕಾಯಿಸಿದ ನೀರಿನ ಬಾಟಲಿ ಅವರ ಕೈಗೆ ಕೊಟ್ಟ. ತನ್ನ ಬಾಟಲಿಯನ್ನು ಇನ್ನೊಬ್ಬರಿಗೆ ಮುಟ್ಟಿಸದವನು. ಯಜಮಾನರು ಕುಡಿದರು, ಮುಖಕ್ಕೂ ಹಾಕಿಕೊಂಡರು. "ಇಂಥಾದ್ದನ್ನ ಹುಡುಗಗ ಹೆಂಗ ಹೇಳೂದೋ ಮಾರಾಯಾ?" ಎಂದು ಕೇಳಿದ್ದು ಕೂಡ ಅವರೇ, ಹತ್ತು ನಿಮಿಷದ ಮೇಲೆ.

"ಹುಡುಗಗ ನಾ ಹೇಳ್ತೀನ್ರಿ. ಡಾಕ್ಟರಿಗೆ ಅಕ್ಕೋರು ಹೇಳ್ಲಿ."

ಮರುದಿನ ನಕಲು ಕೊಡುವ ನೆಪದಲ್ಲಿ ಮನೆಗೆ ಬಂದ. ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಮಗನಿಂದ ಮಾರು ದೂರ ಕೂತ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಬೇಕೆಂದೇ ಜೋರಾಗಿ ಬಡಿದೆ. ಏನು ಮಾತಾಡಿದರೋ ತಿಳಿಯದು. ಒಮ್ಮೆ ಮಾತ್ರ ಮಗ "ಥೂ, ಹೋಗ್ರಿ ಅಣ್ಣಾ!" ಎಂದು ಕೂಗಿದ್ದು, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದು ಕೇಳಿಸಿತು. ಎರಡು ತಿಂಗಳಿಂದ ಆ ಹುಡುಗ ನಕ್ಕಿರಲಿಲ್ಲ.

ನನಗೆ ಒಂದು ಚೀಟಿ ಕೊಟ್ಟಿದ್ದ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷು. ‘ಚಿಕಿತ್ಸೆಗೆ ಮೊದಲು ನನ್ನ ಮಗನ ವೀರ್ಯ ತೆಗೆದಿಡಬೇಕು. ಎಲ್ಲಿ, ಯಾವಾಗ ಹೋಗಬೇಕು ತಿಳಿಸಿ.’ ಈ ಶಬ್ದವನ್ನು ಈಗ ಇಲ್ಲಿ ಬರೆಯಲೂ ಕೈ ಒಂದು ಸಲ ನಿಂತಿತು. ಅಂದು ಬಸ್ಸಿನಲ್ಲಿ ಹೈದರಾಬಾದಿನ ತನಕ ತುಟಿಯೊಳಗೇ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಡಾಕ್ಟರ ಮುಂದೆ ಕೂತೆ. ಚೀಟಿಯನ್ನು ಮೇಜಿನ ಮೇಲೆ ಇಟ್ಟು ಅವರ ಕಡೆ ಸರಿಸಿದೆ. ಅವರು ಓದಿದರು. ನನ್ನನ್ನು ನೋಡಿದರು. ತಮ್ಮ ಪೆನ್ನು ಕೆಳಗಿಟ್ಟು, "ಒಳ್ಳೇದು ಮಾಡಿದ್ರಿ ಅಮ್ಮಾ" ಎಂದರು ತೆಲುಗು ಬೆರೆತ ಕನ್ನಡದಲ್ಲಿ. "ಔಷಧ ಶುರುವಾದ್ರೆ ಆಗೋದಿಲ್ಲ. ನಾಳೆ ಬೆಳಿಗ್ಗೆನೇ ಹೋಗಿ."

ಮರುದಿನ ಬೆಳಿಗ್ಗೆ ಆ ಲ್ಯಾಬಿನ ಕೆಳಗಿನ ಚಹಾ ಅಂಗಡಿಯಲ್ಲಿ ನಾನೂ ಯಜಮಾನರೂ ಒಬ್ಬರ ಮುಖ ಒಬ್ಬರು ನೋಡದೆ ಎರಡೆರಡು ಕಪ್ಪು ಕುಡಿದೆವು. ಮಗ ಇಳಿದು ಬಂದ. ಕಿವಿ ಕೆಂಪಾಗಿದ್ದವು. "ನಡೀರಿ, ಮುಗೀತು. ಯವ್ವಾ, ಸತ್ರೂ ಯಾರಿಗೂ ಹೇಳಬ್ಯಾಡ" ಅಂದ. ಈಗ ಇದನ್ನು ಅವನಿಗೆ ಓದಿ ತೋರಿಸಿಯೇ ಕಳಿಸುತ್ತಿದ್ದೇನೆ. "ಕಿವಿ ಕೆಂಪಾಗಿದ್ದು ತಗದು ಹಾಕು" ಅಂದ. ತೆಗೆದಿಲ್ಲ.

ಅಕ್ಕನ ಮಜ್ಜೆ ತಮ್ಮನಲ್ಲಿ ನೆಲೆಯೂರಿತು. ಎಷ್ಟು ದಿನ ಗಾಜಿನ ಆಚೆ, ಎಷ್ಟು ಸಲ ಜ್ವರ, ಅದೆಲ್ಲ ಬೇರೆ ಕಥೆ. ಊರಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಲ್ಯಾಬಿನಿಂದ ಪತ್ರ ಬರತೊಡಗಿತು: ಇಡಬೇಕೋ, ತೆಗೆಯಬೇಕೋ, ಸಹಿ ಮಾಡಿ ಕಳಿಸಿ. ಮೊದಲ ಸಲ ಯಜಮಾನರು ಸಹಿ ಮಾಡಿದರು. ಹದಿನೆಂಟು ದಾಟಿದ ಮೇಲೆ ಮಗನೇ ಮಾಡಬೇಕಾಯಿತು. ಆ ಪತ್ರದ ನಕಲಿಗೆ ಮಗ ಹೋದರೆ ಅಂಗಡಿಯವನು ಅದನ್ನೂ ಪೂರ್ತಿ ಓದುತ್ತಿದ್ದ. ಅವನಿಗೆ ಹೊಟ್ಟೆಯಲ್ಲಿ ಕಿಚ್ಚಾಗುವುದಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತನಗೆ ಸಿಗದ ಒಂದು ದಿನವನ್ನು ಊರಿನ ಮಕ್ಕಳಿಗೆಲ್ಲ ಹಂಚುತ್ತ ಕೂತವನ ಎದೆ ಯಾವುದರಿಂದ ಮಾಡಿದ್ದೋ. ಮಠದ ಮೆಟ್ಟಿಲು ಹತ್ತುವಾಗಲೂ ನನ್ನ ತಲೆ ಅಷ್ಟು ತಾನಾಗಿ ಬಾಗಿದ್ದಿಲ್ಲ.

ಮೂರು ವರ್ಷದ ಹಿಂದೆ ಅವನ ಹೆಂಡತಿಗೆ ತೆಲಂಗಾಣ ಗಡಿಯ ಗುರುಮಠಕಲ್ ಕಡೆಗೆ ವರ್ಗವಾಯಿತು. ಯಂತ್ರವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಅವರು ಹೋದರು. ಅಲ್ಲಿಯೂ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿದ್ದಾನೆ. ಈಗ ತೆಲುಗು ಓದಲು ಕಲಿಯುತ್ತಿದ್ದಾನಂತೆ.

ಮಗನಿಗೀಗ ಇಪ್ಪತ್ತನಾಲ್ಕು. ಯಾದಗಿರಿಯಲ್ಲಿ ಕೆಲಸ. ಹೆಣ್ಣು ನೋಡಲು ಶುರು ಮಾಡೋಣವೇ ಎಂದು ನಾನು ಅಂದದ್ದಕ್ಕೆ ಅವನು, "ಮೊದಲ ಒಂದ್ ಪರೀಕ್ಷಾ ಮಾಡಿಸ್ತೀನಿ ತಡಿ" ಎಂದು ಒಬ್ಬನೇ ಹೈದರಾಬಾದಿಗೆ ಹೋಗಿ ಬಂದ. ಕೆಲವರಿಗೆ ಕಾಲ ಕಳೆದಂತೆ ಬೀಜ ತಾನಾಗಿ ಮರಳುವುದುಂಟು ಎಂದು ಡಾಕ್ಟರು ಹೇಳಿದ್ದರು. ನನ್ನ ಮಗನಿಗೆ ಮರಳಿರಲಿಲ್ಲ. ಒಂದೂ ಇಲ್ಲ ಎಂದು ಬರೆದಿತ್ತು. ಈಗ ಇರುವುದು ಆ ಬೆಳಗಿನದು ಮಾತ್ರ, ತಂಪಿನಲ್ಲಿ.

ಯಜಮಾನರು ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಬಿಡುತ್ತ ನಿಂತರು. ಬೆಳಿಗ್ಗೆಯೇ ಬಿಟ್ಟಿದ್ದರು. ನಾನು ಗುರುಮಠಕಲ್ಲಿಗೆ ಫೋನು ಹಚ್ಚಿದೆ. ಹೇಳಿದೆ. ಆ ಕಡೆ ಯಾರೋ ತೆಲುಗಿನಲ್ಲಿ ಚೌಕಾಶಿ ಮಾಡುವುದು ಕೇಳುತ್ತಿತ್ತು.

"ಹುಡುಗನ್ನ ಕೊಡ್ರಿ ಅಕ್ಕೋರ" ಅಂದ.

ನನಗೆ ಕೇಳಿದ್ದು ಮಗನ ಮಾತಷ್ಟೇ. "ಹೂಂ ಅಣ್ಣಾ... ಇಲ್ರಿ... ಸೊನ್ನಿ... ಇಲ್ಲ, ಅಳಾಕತ್ತಿಲ್ಲ... ಇಟ್ಟೈತಲ್ಲ... ಹೌದ್ರಿ, ಮೊದಲ ಹೇಳ್ತೀನಿ, ಹುಡುಗಿಗೇ ಹೇಳ್ತೀನಿ... ಹೂಂ." ಬಹಳ ಹೊತ್ತು ಬರೀ ಹೂಂ. ಫೋನು ನನ್ನ ಕೈಗೆ ಕೊಟ್ಟು, ಕೈ ತೊಳೆದು, ಊಟಕ್ಕೆ ಕೂತ. ಮೂರು ರೊಟ್ಟಿ ತಿಂದ. ಏನಂದನಪ್ಪಾ ಎಂದು ಕೇಳಿದರೆ, "ಏನಿಲ್ಲ ಬಿಡು" ಎಂದ.

ನನಗೆ ಮಾತ್ರ ಇನ್ನೊಬ್ಬ ಹುಡುಗ ಕಣ್ಣ ಮುಂದೆ ನಿಂತ. ಕಲಬುರಗಿಯ ಆಸ್ಪತ್ರೆಯಿಂದ ಇಂಥದ್ದೇ ಸೊನ್ನೆಯ ಹಾಳೆ ಹಿಡಿದು ಹೊರಗೆ ಬಂದವನು. ಅವನಿಗಾಗಿ ಎಲ್ಲಿಯೂ ಏನೂ ಇಟ್ಟಿರಲಿಲ್ಲ. ಮರುದಿನ ಅವನ ಹೆಂಡತಿಗೆ ಫೋನು ಮಾಡಿ ಕೇಳಿಯೇಬಿಟ್ಟೆ, "ಅವತ್ತ ಕಲಬುರಗ್ಯಾಗ ನಿನ್ನ ಗಂಡ ಯಾರ ಮುಂದ ಹೇಳ್ಕೊಂಡನವ್ವ?"

"ಯಾರ ಮುಂದೂ ಇಲ್ರಿ ಅಕ್ಕೋರ" ಎಂದಳು. "ಬಸ್‌ಸ್ಟ್ಯಾಂಡಿನ್ಯಾಗ ನನಗ ಕಬ್ಬಿನ ಹಾಲು ಕೊಡಿಸಿದ್ರು. ನಾ ಕುಡಿಯೂತನಕ ನಿಂತು ನೋಡಿದ್ರು. ಆಮ್ಯಾಲ, ನೀ ಬೇಕಂದ್ರ ತವರಿಗೆ ಹೋಗು, ಇನ್ನೊಂದು ಮದುವಿ ಮಾಡ್ಕೊ, ನಿನಗ್ಯಾರೂ ಏನೂ ಅನ್ನದಂಗ ನಾ ಎಲ್ಲಾರಿಗೂ ಹೇಳ್ತೀನಿ ಅಂದ್ರು."

"ನೀ ಏನಂದಿ?"

"ನಾ ಏನ್ ಅಂತೀನ್ರಿ? ಶಹಾಪುರ ಬಸ್ ಬಂತು, ಮೊದಲ ಹತ್ರಿ, ಸೀಟ್ ಹಿಡೀರಿ ಅಂದೆ."